ತಡವಾಗಿ ಬಂದ ಕಾಜಿತಾನಿ ಸೆನ್ಸೇ

ಕಾಜಿತಾನಿ ಫುಸಾಯೆ ಅವರಿಗೆ ಸಿಟ್ಟು ಬಂದರೆ ಧ್ವನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಮಾತು ಇನ್ನಷ್ಟು ವಿನಯದಿಂದ, ಇನ್ನಷ್ಟು ಮರ್ಯಾದೆಯಿಂದ ಹೊರಡುತ್ತಿತ್ತು. ಇದನ್ನು ಬಲ್ಲ ನಾವು, ಅವರ ಸಹೋದ್ಯೋಗಿಗಳು, ಅವರು ಯಾರನ್ನಾದರೂ ಅತಿಶಯವಾದ ಗೌರವದಿಂದ ಸಂಬೋಧಿಸತೊಡಗಿದರೆಂದರೆ ಚಹಾದ ಬಟ್ಟಲು ಎತ್ತಿಕೊಂಡು ಮೆಲ್ಲಗೆ ಪಕ್ಕಕ್ಕೆ ಸರಿದುಬಿಡುತ್ತಿದ್ದೆವು.

ತೀರಿಹೋದ ಗಂಡನ ಬೂದುಬಣ್ಣದ ಓವರ್‌ಕೋಟು, ಮೊಣಕೈವರೆಗೂ ಮಡಚಿದ ಅದರ ತೋಳು, ಜೇಬಿನಲ್ಲಿ ಸದಾ ಒಂದು ಸೀಮೆಸುಣ್ಣ, ಎದುರುಗಾಳಿಗೆ ಕೊಡೆ ಹಿಡಿದವರ ಹಾಗೆ ಮುಂದಕ್ಕೆ ಬಾಗಿದ ನಡಿಗೆ. ಕುಸಾಬಾ ನಿಲ್ದಾಣದ ಹಿಂದೆ, ನೂಡಲ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ, ಹೊರದೇಶದ ಹರೆಯದ ಮಕ್ಕಳಿಗೆ ಜಪಾನಿ ಕಲಿಸುವ ನಮ್ಮ ಪುಟ್ಟ ಶಾಲೆಗೆ, ಮಕ್ಕಳು 'ಸೆನ್ಸೇ', ಅಂದರೆ ಗುರುಗಳೇ, ಎಂದು ಕರೆಯುತ್ತಿದ್ದ ಅವರು ಒಂದು ದಿನವೂ ತಡವಾಗಿ ಬಂದವರಲ್ಲ. ಗಂಟೆ ಹೊಡೆಯುವ ಮುಂಚೆಯೇ ಹಲಗೆಯ ಮೇಲೆ ದಿನಾಂಕ ಬರೆದು, ಕೈಕಟ್ಟಿ ಬಾಗಿಲು ನೋಡುತ್ತ ನಿಂತಿರುತ್ತಿದ್ದರು.

ಹೊಸ ಮಕ್ಕಳು ಬಂದಾಗಲೆಲ್ಲ ಅವರನ್ನು ಸಾಲಾಗಿ ನಿಲ್ದಾಣಕ್ಕೆ ಕರೆದೊಯ್ದು, ಟಿಕೆಟ್ ಕಿಟಕಿಯ ಮುಂದೆ ನಿಂತು, ಸಿಗುವುದಿಲ್ಲವೆಂದು ಚೆನ್ನಾಗಿ ತಿಳಿದಿದ್ದೂ ವಿದ್ಯಾರ್ಥಿ ಪಾಸು ಕೇಳುವುದು ಅವರ ಹಠ.

"ಈ ಮಗು ವಿದ್ಯಾರ್ಥಿ. ವಿದ್ಯಾರ್ಥಿ ಪಾಸು ದಯಪಾಲಿಸಬೇಕು."

ಕಿಟಕಿಯ ಹಿಂದಿನ ನಾಮೆಕಾವಾ ಎಂಬ ಸಜ್ಜನ ಯುವಕ ಟೋಪಿ ತೆಗೆದು, "ತುಂಬಾ ಕ್ಷಮೆ ಇರಲಿ ಮೇಡಂ. ಭಾಷಾಶಾಲೆಗಳಿಗೆ ಆ ರಿಯಾಯಿತಿ ಇಲ್ಲ. ನೌಕರಿಗೆ ಹೋಗೋರ ಪಾಸೇ ತಗೋಬೇಕಾಗುತ್ತೆ" ಎನ್ನುತ್ತಿದ್ದ.

"ಅದು ಸರಿ. ಯಾಕೆ ಅಂತ ಹೇಳಿ."

ನಾಮೆಕಾವಾ ಸೊಂಟ ಮುರಿಯುವಷ್ಟು ಬಗ್ಗುತ್ತಿದ್ದ. ಈ ದೇಶದಲ್ಲಿ ಉತ್ತರವಿಲ್ಲದ ಪ್ರಶ್ನೆಗೆಲ್ಲ ನಮಸ್ಕಾರವೇ ಉತ್ತರ.

ಹೇಳಿದರೆ ಹೊಟ್ಟೆ ಉರಿಯುತ್ತದೆ. ಸಂಬಳ ಎಣಿಸುವ ನೌಕರನ ಪಾಸಿಗೆ ಅವನ ಕಂಪನಿಯೇ ಹಣ ತೆರುತ್ತದೆ. ಅಪ್ಪನ ಕಾರು ಮನೆಮುಂದೆ ನಿಂತಿರುವ ಕಾಲೇಜು ಹುಡುಗನಿಗೆ ಕಡಿಮೆ ದರ. ವಾರಕ್ಕೆ ಇಷ್ಟೇ ಗಂಟೆ ದುಡಿಯಬಹುದೆಂಬ ಸರ್ಕಾರದ ಗೆರೆಯೊಳಗೆ ಪಾತ್ರೆ ತೊಳೆದು, ಬಾಡಿಗೆಯನ್ನೂ ಶಾಲೆಯ ಶುಲ್ಕವನ್ನೂ ಕಟ್ಟುವ ಪರದೇಶಿ ಮಕ್ಕಳಿಗೆ ಮಾತ್ರ ಪೂರ್ತಿ ದರ! ಸರ್ಕಾರ ಅವರಿಗೆ ಕೊಟ್ಟ ವೀಸಾದ ಮೇಲೆ 'ವಿದ್ಯಾರ್ಥಿ' ಎಂದೇ ಬರೆದಿರುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇಂಥದ್ದಕ್ಕೇ.

ಬರ್ಮಾದಿಂದ ಬಂದ ಥಂದಾ ಎಂಬ ಹುಡುಗಿ ಪಾಸಿನ ಆಸೆಯನ್ನೇ ಬಿಟ್ಟಳು. ಊಟದ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ಮುಂಜಾವದ ಪಾಳಿ ಮುಗಿಸಿ, ಹಳಿಯ ಪಕ್ಕದ ದಾರಿ ಹಿಡಿದು, ನದಿಯ ಸೇತುವೆ ದಾಟಿ, ಶಾಲೆಗೆ ನಡೆದೇ ಬರುತ್ತಿದ್ದಳು. ರೈಲಾದರೆ ಗಂಟೆ ಹೊಡೆಯುವ ಮೊದಲೇ ತಲುಪಬಹುದು. ಎಷ್ಟು ಬಿರುಸಾಗಿ ನಡೆದರೂ ಕಾಲಿಗೆ ಅದು ಆಗದು. ಮೂರು ಸಲ ತಡವಾದರೆ ಒಂದು ಗೈರುಹಾಜರಿ ಎಂಬುದು ಶಾಲೆಯ ಲೆಕ್ಕ. ಹಾಜರಿ ಇಳಿದರೆ ವೀಸಾ ಮುಂದುವರಿಯದು, ಊರಿಗೆ ಮರಳಬೇಕು. ಅವಳ ಊರಿನಲ್ಲಾದರೋ ಆಗ ಸೈನ್ಯದ ಹಾವಳಿ, ಮರಳಿ ಹೋಗುವ ಹಾಗಿರಲಿಲ್ಲ.

ಪಾಸಿನ ಹಣ ತಾನೇ ಕೊಡುವೆನೆಂದು ಸೆನ್ಸೇ ಒಮ್ಮೆ ಹೇಳಿ ನೋಡಿದರು.

"ಬೇಡ ಸೆನ್ಸೇ, ಕಾಲಿದೆಯಲ್ಲ."

"ಕಾಲಿರೋದು ನಡೆಯೋಕಷ್ಟೇ ಅಲ್ಲ ಕಣೇ, ಒಂದು ಕಡೆ ಗಟ್ಟಿಯಾಗಿ ನಿಲ್ಲೋಕೂ ಇರೋದು" ಎಂದು ಗದರಿದರಾದರೂ, ಅವಳ ಅಭಿಮಾನ ಅವರಿಗೆ ಹಿಡಿಸಿತೆಂದು ಮುಖವೇ ಹೇಳುತ್ತಿತ್ತು.

ಆ ಚಳಿಗಾಲ ಒಂದು ಬೆಳಿಗ್ಗೆ ಹಿಮ ಬಿದ್ದು ರೈಲುಗಳು ತಡವಾದವು. ರೈಲು ತಡವಾದರೆ ಇಲ್ಲಿ ನಿಲ್ದಾಣದವರು ಪ್ರಯಾಣಿಕರಿಗೆಲ್ಲ ಕ್ಷಮಾಪಣೆಯ ಚೀಟಿ ಹಂಚುತ್ತಾರೆ. ಅದನ್ನು ತೋರಿಸಿದರೆ ಕಚೇರಿಯಲ್ಲಾಗಲಿ ಶಾಲೆಯಲ್ಲಾಗಲಿ ತಡವೆಂದು ಗುರುತು ಹಾಕುವುದಿಲ್ಲ. ಅಂದು ಬೆಚ್ಚಗೆ ಬಂದವರೆಲ್ಲ ಚೀಟಿ ತೋರಿಸಿ ಹಾಜರಾದರು. ಅವರ ಹಿಂದೆಯೇ, ಮೊಣಕಾಲವರೆಗೂ ಒದ್ದೆಯಾಗಿ, ತುಟಿ ನೀಲಿಗಟ್ಟಿ ಬಂದ ಥಂದಾಳ ಹೆಸರಿನ ಮುಂದೆ 'ತಡ' ಎಂದು ಕಚೇರಿ ಗುರುತು ಹಾಕಿತು.

ಸೆನ್ಸೇ ಕೋಟು ತೊಟ್ಟು, ಥಂದಾಳ ಕೈ ಹಿಡಿದು ನಿಲ್ದಾಣಕ್ಕೆ ಹೊರಟರು, ಹಿಂದೆಯೇ ನಾನೂ. ಅವರ ಧ್ವನಿ ಅಷ್ಟು ಇಳಿದದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

"ತಮ್ಮ ರೈಲು ತಡವಾದರೆ ತಾವು ಚೀಟಿ ಕರುಣಿಸುತ್ತೀರಿ. ತಮ್ಮ ರೈಲು ಹತ್ತಿಸಿಕೊಳ್ಳದೆ ಈ ಹುಡುಗಿ ದಿನಾ ತಡವಾಗ್ತಿದಾಳೆ. ಇವಳಿಗೂ ಒಂದು ಚೀಟಿ ದಯಪಾಲಿಸೋಣವಾಗಲಿ."

"ಮೇಡಂ, ರೈಲು ತಡವಾದರೆ ಮಾತ್ರ…"

"ಅದು ಸರಿ. ಯಾಕೆ ಅಂತ ಹೇಳಿ."

ನಾಮೆಕಾವಾ ಬಗ್ಗಿದ. ಬಗ್ಗಿದವನ ಕಣ್ಣು ಒದ್ದೆಯಾಗಿತ್ತು. ಆದರೆ ಒದ್ದೆ ಕಣ್ಣಿಗೆ ರೈಲಿನ ಬಾಗಿಲು ತೆರೆಯುವುದಿಲ್ಲ.

ಮರುದಿನ ಗಂಟೆ ಹೊಡೆಯಿತು, ಹಲಗೆ ಬರಿದಾಗಿತ್ತು. ನಾವು ಗಾಬರಿಯಿಂದ ಕಿಟಕಿಗೆ ಬಂದು ನೋಡಿದರೆ, ಹಳಿಯ ಪಕ್ಕದ ದಾರಿಯಲ್ಲಿ ಬೂದುಬಣ್ಣದ ಕೋಟು ಮುಂದಕ್ಕೆ ಬಾಗಿ ಬರುತ್ತಿತ್ತು, ಜೊತೆಯಲ್ಲಿ ಥಂದಾ. ಕಾರ್ಖಾನೆಯ ಬಾಗಿಲಿನಿಂದಲೇ ಇಬ್ಬರೂ ಅನ್ನದ ಉಂಡೆ ತಿನ್ನುತ್ತ ನಡೆದು ಬಂದಿದ್ದರು. ಸೆನ್ಸೇ ತರಗತಿಯ ಮುಂದೆ ನಿಂತು ಆಳವಾಗಿ ಬಗ್ಗಿ, "ತಡವಾಯಿತು. ಕ್ಷಮಿಸಿ" ಎಂದರು. ಕಳೆದ ಹೊತ್ತಿನ ಪಾಠವನ್ನು ಕೊನೆಯ ಗಂಟೆ ಹೊಡೆದ ಮೇಲೂ ಕೂತು ಮುಗಿಸಿಕೊಟ್ಟರು. ಅದರ ಮರುದಿನವೂ ಹೀಗೆಯೇ, ಚಳಿಗಾಲ ಕಳೆಯುವವರೆಗೂ ಹೀಗೆಯೇ.

"ಸೆನ್ಸೇ, ತಡದ ಚೀಟಿ ಎಲ್ಲಿ?" ಎಂದು ಹಿಂದಿನ ಬೆಂಚಿನ ನೇಪಾಳಿ ತರಲೆಯೊಬ್ಬ ಕೇಳಿದ.

"ಕೇಳಿದೀನಪ್ಪ. ಇನ್ನೂ ಕೊಟ್ಟಿಲ್ಲ."

ಶಾಲೆಯ ಮುಖ್ಯಸ್ಥ ಓಕಾನಿಶಿಯವರು ಸೆನ್ಸೇಯನ್ನು ಕರೆಸಿಕೊಂಡರು. "ನೀವೇ ತಡವಾಗಿ ಬಂದ್ರೆ ಹೇಗೆ ಸೆನ್ಸೇ?"

"ನಾನು ತಡ. ದಯವಿಟ್ಟು ನನ್ನ ಹೆಸರಿನ ಮುಂದೆ ಬರೆದುಕೊಳ್ಳೋಣವಾಗಲಿ. ಟೀಚರೇ ಬಂದಿರಲಿಲ್ಲ, ಪಾಠವೇ ಶುರುವಾಗಿರಲಿಲ್ಲ. ಅಂದ ಮೇಲೆ ಮಕ್ಕಳು ಯಾರೂ ತಡ ಅಲ್ಲ."

"ನಿಯಮ ಅಂತ ಒಂದಿದೆಯಲ್ಲ…"

"ಅದು ಸರಿ. ಯಾಕೆ ಅಂತ ಹೇಳಿ."

ಓಕಾನಿಶಿಯವರು ಬಗ್ಗಲಿಲ್ಲ, ಬರೆದುಕೊಂಡರು. ಥಂದಾಳ ಹಾಜರಿ ಉಳಿಯಿತು, ವೀಸಾ ಮುಂದುವರಿಯಿತು. ವಸಂತದಲ್ಲಿ ಕಾಜಿತಾನಿ ಸೆನ್ಸೇಯ ಕೆಲಸ ಮುಂದುವರಿಯಲಿಲ್ಲ. ಹೂಗುಚ್ಛ ಕೊಟ್ಟು, ಎಲ್ಲರೂ ಸಾಲಾಗಿ ನಿಂತು ಬಗ್ಗಿ ಅವರನ್ನು ಕಳಿಸಿದೆವು. ಜೀವಮಾನದಲ್ಲಿ ತನಗಾಗಿ ಒಮ್ಮೆಯೂ ತಡಮಾಡದ ಹೆಂಗಸನ್ನು ತಡವಾಗಿ ಬಂದಳೆಂದು ಹೊರಹಾಕಿದ ಶಾಲೆ ನಮ್ಮದು; ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ಏಪ್ರಿಲ್‌ನಲ್ಲಿ ನಾನು ನಿಲ್ದಾಣದಲ್ಲಿದ್ದೆ. ಟಿಕೆಟ್ ಕಿಟಕಿಯ ಮುಂದೆ ಮಂಗೋಲಿಯಾದಿಂದ ಬಂದ ಹೊಸ ಹುಡುಗಿಯ ಕೈ ಹಿಡಿದು ಥಂದಾ ನಿಂತಿದ್ದಳು. ನಾಮೆಕಾವಾ ಟೋಪಿ ತೆಗೆದು ಅದೇ ಮಾತು ಹೇಳಿದ. ಥಂದಾಳ ಧ್ವನಿ ಇಳಿಯಿತು.

"ಅದು ಸರಿ. ಯಾಕೆ ಅಂತ ಹೇಳಿ."

ಅವರಿಬ್ಬರ ಹಿಂದೆ ಸಾಲಿನಲ್ಲಿ ಬೂದುಬಣ್ಣದ ಕೋಟೊಂದು ತನ್ನ ಸರದಿ ಕಾಯುತ್ತ ನಿಂತಿತ್ತು.

ಇಂಥವರು ಗೆಲ್ಲುವುದು ಅಪರೂಪ. ನಾವೆಲ್ಲ ಒಂದು ಸಲ ಕೇಳಿ, ಎರಡನೇ ಸಲ ಗೊಣಗಿ, ಮೂರನೇ ಸಲ ಕೇಳಿದಷ್ಟು ದುಡ್ಡು ಕೊಟ್ಟು ಮನೆಗೆ ಹೋಗುತ್ತೇವೆ; ಅನ್ಯಾಯ ಹೊಟ್ಟೆ ತುಂಬಿಸಿಕೊಳ್ಳುವುದು ನಮ್ಮ ಈ ರೂಢಿಯಿಂದಲೇ. ಇವರಿಗೆ ಮಾತ್ರ ಅದು ರೂಢಿಯಾಗುವುದೇ ಇಲ್ಲ. ಅವರನ್ನು ಹೊರಗೆ ಕಳಿಸಬಹುದು, ಹೂಗುಚ್ಛವನ್ನೂ ಕೊಡಬಹುದು. ಕಿಟಕಿಯ ಹಿಂದಿನವನು ಬಗ್ಗಿದ ಬೆನ್ನನ್ನು ನೆಟ್ಟಗೆ ಮಾಡಿ ನೋಡುವಷ್ಟರಲ್ಲಿ ಅವರ ಪ್ರಶ್ನೆ ಇನ್ನೊಬ್ಬರ ಬಾಯಲ್ಲಿ ಬಂದು ನಿಂತಿರುತ್ತದೆ.