ಗೇಟಿನ ಬೆಂಕಿಕಡ್ಡಿ

"ಊದಲೇ ಬೋಳಿಮಗನೆ. ಒಂದು ಕಡ್ಡಿ ಆರಿಸೋಕೆ ನಿಮ್ಮಪ್ಪನ್ನ ಕರೆಸ್ಬೇಕಾ?"

ಮೇಸ್ತ್ರಿ ಮಾರು ದೂರದಲ್ಲಿ ಹಿಡಿದಿದ್ದ ಬೆಂಕಿಕಡ್ಡಿಯ ಎದುರು ಪೈಲ್ವಾನ ಕೆನ್ನೆ ಉಬ್ಬಿಸಿದ. ಒಡೆದ ಕೊಳಲಿನಂಥ ಸದ್ದೊಂದು ಬಂತು. ಉರಿ ಮಿಸುಕಲಿಲ್ಲ.

ಕಲ್ಲುಪುಡಿ ಗಿರಣಿಯ ಗೇಟಿನಲ್ಲಿ ದಿನ ಬೆಳಗಾದರೆ ಇದೇ ಕಟ್ಟಳೆ. ಕಡ್ಡಿಯನ್ನು ಒಂದೇ ಉಸಿರಿಗೆ ಆರಿಸಿದವರು ಒಳಕ್ಕೆ. ಆರಿಸಲಾರದವರು ಮನೆಗೆ, ಮತ್ತೆ ಈ ಕಡೆ ತಲೆ ಹಾಕುವಂತಿಲ್ಲ. ಉಸಿರು ಕೆಟ್ಟವನು ಯಂತ್ರದ ಪಕ್ಕದಲ್ಲೇ ಕುಸಿದು, ಅವನ ಕಾಯಿಲೆ ಸಾಹುಕಾರನ ಕೊರಳಿಗೆ ಸುತ್ತಿಕೊಳ್ಳಬಾರದಲ್ಲ. ಒಳಗೆ ಬಿಳಿಕಲ್ಲನ್ನು ಅರೆದು ಹಿಟ್ಟು ಮಾಡುತ್ತಾರೆ. ಆ ಹಿಟ್ಟು ಊರಿನವರ ಹಲ್ಲುಜ್ಜುವ ಪೇಸ್ಟಿಗೆ ಹೋಗುತ್ತದೆ, ಮುಖದ ಪೌಡರಿಗೆ ಹೋಗುತ್ತದೆ, ಗೋಡೆಯ ಬಣ್ಣಕ್ಕೆ ಹೋಗುತ್ತದೆ. ಉಳಿದದ್ದು ಅರೆಯುವವರ ಎದೆಗೆ.

ಪೈಲ್ವಾನ ಒಂದು ಕಾಲಕ್ಕೆ ಹೆಗಲಿಗೊಂದರಂತೆ ಚೀಲ ಹೊತ್ತು ನಗುನಗುತ್ತ ಲಾರಿ ಹತ್ತುತ್ತಿದ್ದವನು. ಹೆಸರು ಬಂದದ್ದು ಹಾಗೆ. ಈಗ ಮೆಟ್ಟಿಲು ಕಂಡರೆ ಕೂತುಬಿಡುತ್ತಾನೆ. ಆದರೂ ನಿನ್ನೆಯವರೆಗೆ ಅವನ ಕಡ್ಡಿ ಆರುತ್ತಿತ್ತು. ಗಿರಣಿಯಲ್ಲಿ ಚೀಲದ ಬಾಯಿ ಹೊಲಿಯುವ ಅವನ ಹೆಂಡತಿ ಸಾಲಿನಲ್ಲಿ ಅವನ ಬೆನ್ನಿಗಂಟಿ ನಿಂತು, ಅವನು ಕೆನ್ನೆ ಉಬ್ಬಿಸಿದೊಡನೆ ಅವನ ಕಿವಿಯ ಪಕ್ಕದಿಂದ ತಾನು ಊದಿಬಿಡುತ್ತಿದ್ದಳು. ಕೂಲಿಯವರೆಲ್ಲ ಬಲ್ಲ ವಿದ್ಯೆ ಅದು. ಅಣ್ಣನಿಗೆ ತಮ್ಮ, ಅಪ್ಪನಿಗೆ ಮಗಳು ಊದುತ್ತಿದ್ದರು. ಇವತ್ತು ಮೇಸ್ತ್ರಿ ಹೆಂಗಸರ ಸಾಲನ್ನು ಬೇರೆ ಮಾಡಿದ್ದ.

"ಆಚೆ ನಡಿ. ಪೈಲ್ವಾನ ಅಂತೆ, ಪೈಲ್ವಾನ. ಸೊಳ್ಳೆ ಒದ್ರೂ ಬೀಳ್ತೀಯ."

ಬೀಳುವುದಕ್ಕೆ ಸೊಳ್ಳೆಯೂ ಬೇಕಾಗಲಿಲ್ಲ. ರಸ್ತೆ ದಾಟುವಷ್ಟರಲ್ಲಿ ಬಿದ್ದ.

ಸರ್ಕಾರಿ ಆಸ್ಪತ್ರೆಯ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ನೋಡಮ್ಮ, ಈ ಬಿಳಿ ಎಲ್ಲ ಕಲ್ಲು. ಆಕ್ಸಿಜನ್ ಕೊಡ್ಬೇಕು, ತಡ ಮಾಡೋ ಹಾಗಿಲ್ಲ."

"ಕೊಡಿ ಸ್ವಾಮಿ."

"ಕೆಲಸದಿಂದ ಬಂದ ಕಾಯಿಲೆ ಇದು. ಖರ್ಚು ಕೆಲಸ ಕೊಟ್ಟವರದ್ದು ಅಂತ ನಿಯಮ. ನಿಮ್ಮ ಸಾಹುಕಾರರು ಬಂದು ಒಪ್ಕೊಳ್ಳಲಿ, ಹಾಸಿಗೆ ಕೊಡ್ತೀನಿ. ಟೀಬಿ ಆಗಿದ್ರೆ ಸರ್ಕಾರದ್ದು, ಈಗ್ಲೇ ಸೇರಿಸ್ಕೊಳ್ತಿದ್ದೆ."

"ಹಾಗಾದ್ರೆ ಟೀಬಿ ಬರಿಸ್ಕೊಂಡು ಬರ್ಲಿ ಅಂತೀರಾ?"

ಡಾಕ್ಟರು ಕೈ ತೊಳೆಯಲು ಎದ್ದರು. "ನನ್ನ ಮೇಲೆ ರೇಗಿ ಏನು ಬಂತಮ್ಮ. ನಿಯಮ ನಾನು ಮಾಡಿದ್ದಲ್ಲ."

ಗಂಡನನ್ನು ವರಾಂಡದ ಬೆಂಚಿನಲ್ಲಿ ಕೂರಿಸಿ ಅವಳು ಗಿರಣಿಗೆ ಓಡಿದಳು. ಸಾಹುಕಾರನ ಕೋಣೆಗೆ ಗಾಜಿನ ಗೋಡೆ, ಒಳಗೆ ತಂಪು, ಬಾಗಿಲಲ್ಲಿ ಮೇಸ್ತ್ರಿ. ನುಣ್ಣನೆಯ ನೆಲದ ಮೇಲೆ ಮೂಡಿದ ಅವಳ ಬಿಳಿ ಹೆಜ್ಜೆಗಳನ್ನೇ ಸಾಹುಕಾರ ನೋಡುತ್ತಿದ್ದ.

"ಸರ್ಕಾರಿ ಆಸ್ಪತ್ರೆ ಮತ್ಯಾಕೆ ಇರೋದು? ನಾನು ಕಟ್ಟೋ ತೆರಿಗೇಲಿ ಅವನಿಗೊಂದು ಮಂಚ ಬರಲ್ವಾ?"

"ಇಲ್ಲಿನ ಧೂಳು ಅಂತಾರೆ ಸಾಹುಕಾರ್ರೆ. ನೀವು ಬಂದು ಹೌದು ಅಂತ ಒಂದ್ಮಾತು ಅಂದ್ರೆ ಸಾಕು, ಜೀವ ಉಳಿಯುತ್ತೆ."

"ಮೇಸ್ತ್ರಿ, ಇವಳ ಗಂಡ ನಿನ್ನೆ ಕಡ್ಡಿ ಆರಿಸಿದ್ನಾ?"

"ಆರಿಸಿದ. ಮೊನ್ನೇನೂ ಆರಿಸಿದ. ಎಲ್ರೂ ನೋಡಿದಾರೆ."

"ಕೇಳಿಸ್ತಾ? ನನ್ನ ಗಿರಣೀಲಿ ಇರೋವರೆಗೂ ಎದೆ ಗಟ್ಟಿ ಇತ್ತು. ಮನೇಲಿ ಅದೇನು ಸೇದಿದ್ನೋ, ಏನು ಕುಡಿದ್ನೋ, ನನಗೇನು ಗೊತ್ತು."

ಅವನನ್ನು ಗೇಟು ದಾಟಿಸಿದ ಅವಳ ಒಂದೊಂದು ಉಸಿರೂ ಈಗ ಸಾಹುಕಾರನ ಪರ ಸಾಕ್ಷಿ ನಿಂತಿತ್ತು.

"ಊದಿದ್ದು ನಾನು," ಅಂದಳು. "ಅವನ ಹಿಂದೆ ನಿಂತು."

ಸಾಹುಕಾರ ನಕ್ಕ. "ನೋಡಿದ್ಯಾ ಮೇಸ್ತ್ರಿ, ಮೋಸ ಮಾಡಿ ಕೂಲಿ ತಿಂದು, ಈಗ ಔಷಧಾನೂ ನಾನೇ ಕುಡಿಸ್ಬೇಕಂತೆ. ನಾಳೆ ನೆಟ್ಟಗೆ ಬಂದ್ರೆ ನಿನಗೆ ಕೆಲಸ ಇದೆ, ಹೋಗು. ನೆಲ ಒರೆಸಿ ಹೋಗು."

ಅವಳು ಒರೆಸಿದಳು. ಒರೆಸಿದಷ್ಟೂ ಅವಳ ಮೈಯಿಂದಲೇ ಪುಡಿ ಉದುರುತ್ತಿತ್ತು.

ಪೈಲ್ವಾನ ಬೆಂಚಿನಲ್ಲಿ ಮೊಣಕಾಲಿಗೆ ಕೈಯೂರಿ ಕೂತಿದ್ದ. ಒರಗಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ತೆರೆದ ಬಾಗಿಲಿನಾಚೆ ಖಾಲಿ ಹಾಸಿಗೆ, ಅದರ ತಲೆದೆಸೆಗೆ ಸಿಲಿಂಡರ್, ಎರಡೂ ಕಾಣುತ್ತಿದ್ದವು.

"ಯಾರ ಪಾಲಿಗೆ ಬಂದೆ ನಾನು?"

"ಸಾಹುಕಾರಂದು ಅಂತ ಸರ್ಕಾರ. ಸರ್ಕಾರದ್ದು ಅಂತ ಸಾಹುಕಾರ."

"ಚೀಲ ಹೊರಿಸೋವಾಗ... ನಮ್ಮೋನು ಅಂತಿದ್ದ. ಓಟಿಗೆ ಬಂದಾಗ... ಸರ್ಕಾರದೋರೂ ಹಾಗೇ ಅಂತಿದ್ರು." ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲುವವರೆಗೆ ಅವಳು ಅವನ ಬೆನ್ನು ಹಿಡಿದು ನಿಂತಳು.

ಸಂಜೆ ನಾದಿನಿಯನ್ನು ಅವನ ಜತೆಗೆ ಬಿಟ್ಟು ಮನೆಗೆ ಬಂದಾಗ, ನಲ್ಲಿಯ ಹತ್ತಿರ ಕೂಲಿಯವರೆಲ್ಲ ಕೇಳಿದರು. ನಡೆದದ್ದನ್ನು ಹೇಳಿದಳು. ಕೊಡಗಳು ತುಂಬಿ ಹರಿದವು.

ಬೆಳಿಗ್ಗೆ ಹೆಂಗಸರ ಸಾಲಿನಲ್ಲಿ ಅವಳೇ ಮೊದಲು ನಿಂತಳು. ಮೇಸ್ತ್ರಿ ಕಡ್ಡಿ ಗೀರಿದ.

"ಊದೇ ಮುಂಡೆ."

"ಮುಂಡೆ ಇನ್ನೂ ಆಗಿಲ್ಲ. ಆಗೋ ತನಕ ಹಾಗನ್ಬೇಡ."

"ಊದು ಅಂದೆ. ಗಂಡನ ಜತೆ ನಿನ್ನ ಉಸಿರೂ ಹೋಯ್ತಾ?"

"ಬೇಕಾದಷ್ಟಿದೆ. ನಿಮಗೆ ಸಾಕ್ಷಿಗೆ ಕೊಡಲ್ಲ."

ಉರಿ ಉಗುರಿಗೆ ತಗುಲಿ ಮೇಸ್ತ್ರಿ ಕಡ್ಡಿ ಎಸೆದ. ಗಂಡಸರ ಸಾಲಿನತ್ತ ತಿರುಗಿ, ಜರಡಿ ಹಿಡಿಯುವ ಮುದುಕನ ಮುಂದೆ ಇನ್ನೊಂದು ಗೀರಿದ. "ನೀನು ಊದಯ್ಯ. ಇವಳಿಗೆ ತೋರಿಸು."

ಮುದುಕ ಕಡ್ಡಿಯನ್ನು ನೋಡಿದ. "ನಿನ್ನೆ ಒಂದಿನ ಹೇಗೋ ನಾನೇ ಊದಿದೆ. ಅದಕ್ಕೆ ಮುಂಚೆ ನನ್ನದನ್ನ ದಿನಾ ಆರಿಸ್ತಿದ್ದದ್ದು ನನ್ನ ಮಗಳು ಕಣಪ್ಪ. ಹೋಗಿ ಹೇಳು ನಿನ್ನ ಸಾಹುಕಾರನಿಗೆ."

"ನಂದು ತಮ್ಮ," ಅಂದ ಹಿಂದಿನಿಂದ ಒಬ್ಬ.

"ನಂದು ನಮ್ಮತ್ತಿಗೆ."

ಸಾಲುಗಳ ಹಿಂದೆ ಸಾಹುಕಾರನ ಕಾರು ಬಂದು ನಿಂತು ಹಾರನ್ ಹಾಕತೊಡಗಿತು. ದಾರಿ ಯಾರೂ ಬಿಡಲಿಲ್ಲ. ಬಿಳಿ ಧೂಳಿನ ಮೇಲೆ ಕರಿ ಕಡ್ಡಿಗಳು ಬಿದ್ದಿದ್ದವು. ಸುಟ್ಟ ಬೆರಳನ್ನು ಚೀಪಿಕೊಂಡು ಮೇಸ್ತ್ರಿ ಮತ್ತೊಂದು ಗೀರಿ, ಕೈ ಚಾಚಿ, ಒಂದೊಂದೇ ಬಾಯಿಯ ಮುಂದೆ ಹಿಡಿಯುತ್ತ ನಡೆದ. ಉರಿ ಕಡ್ಡಿಯ ಗುಂಟ ಅವನ ಬೆರಳಿನತ್ತ ತೆವಳಿ ಬರುತ್ತಿತ್ತು. ಎರಡೂ ಸಾಲುಗಳಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಅದನ್ನೇ ನೋಡುತ್ತಿದ್ದರು.