ಮೂರನೆಯ ಎಲೆ

ಎಲೆ ತರುವುದು ಮರೆತೇಹೋಗಿದೆಯೆಂದು ಗೊತ್ತಾದಾಗ ಅವನು ಆರೈಕೆ ಕೇಂದ್ರದ ಗೇಟು ದಾಟಿಯಾಗಿತ್ತು. ಒಳಗೆಲ್ಲ ಬರೀ ಸಿಮೆಂಟು. ಸಸ್ಯಶಾಸ್ತ್ರದ ಅಧ್ಯಾಪಕ, ಹಸಿರು ಪಕ್ಷವೊಂದರ ಕಾರ್ಯದರ್ಶಿ, ಎಲೆಗಾಗಿ ಮತ್ತೆ ರಸ್ತೆಗೆ ಓಡಿದ. ಪಕ್ಕದ ಬ್ಯಾಂಕಿನ ಬೇಲಿಗಿಡದಿಂದ ಎರಡು ಚಿಗುರೆಲೆ ಕಿತ್ತ. ಕಾವಲಿನವನು ನೋಡಿದ. ನೋಡಲಿ. ತನಗೊಂದು, ಮಾವನಿಗೊಂದು. ಒಣಗಿದ ಎಲೆಗಳೂ ಕಾಲಬುಡದಲ್ಲೇ ಬಿದ್ದಿದ್ದವು. ಅವನ್ನು ಹೆಕ್ಕಲಿಲ್ಲ.

ಪಕ್ಷದ ನಿಯಮ ಅದು. ಇಪ್ಪತ್ತೆರಡು ವರ್ಷದ ಹಿಂದೆ ಅವನೇ ಬರೆದದ್ದು. ಕೈಯೆತ್ತಿ ಮತ ಹಾಕುವುದು ದೊಡ್ಡ ಪಕ್ಷಗಳ ಚಾಳಿ, ನಾವು ಮೇಜಿನ ಮೇಲೆ ಎಲೆ ಇಡೋಣ. ಹಸಿ ಎಲೆ ಒಪ್ಪಿಗೆ, ಒಣ ಎಲೆ ವಿರೋಧ. ಒಂದು ಒಣ ಎಲೆ ಬಿದ್ದರೂ ನಿರ್ಣಯವಿಲ್ಲ. ಸುಮ್ಮನಿದ್ದರೆ ಅದು ಒಪ್ಪಿಗೆಯಲ್ಲ.

ಪ್ರಾಂತದ ಜೌಗುನೆಲಕ್ಕೆ ರಾಜಧಾನಿಯವರು ಮಣ್ಣು ತುಂಬಲು ಬಂದಾಗ ಸಾವಿರದಿನ್ನೂರು ಜನ ಎಲೆ ಇಟ್ಟಿದ್ದರು. ಗುಡಿಸುವುದಕ್ಕೇ ಎರಡು ತಾಸು ಹಿಡಿಯಿತು. ಆ ಸಲದ ಚುನಾವಣೆಯಲ್ಲಿ ಐದು ಸ್ಥಾನ. ಮುಂದಿನ ಸಲ ಒಂದು. ಆ ಒಬ್ಬನೂ ಮಂತ್ರಿಗಿರಿಗಾಗಿ ಆಚೆ ಹಾರಿದ. ಹೋದ ಚುನಾವಣೆಯಲ್ಲಿ ಬಿದ್ದ ಮತ, ಕುಲಗೆಟ್ಟ ಮತಗಳಿಗಿಂತ ಕಡಿಮೆ. ಈಗ ಎಲ್ಲ ಪಕ್ಷಗಳ ಬಾವುಟದಲ್ಲೂ ಒಂದು ಹಸಿರು ಪಟ್ಟಿ ಇದೆ. ಇವರ ಪಕ್ಷದಲ್ಲಿ ಮೂರು ಜನ ಇದ್ದಾರೆ.

ಪಕ್ಷದ ವಿಸರ್ಜನೆಯ ಪತ್ರ ಇವತ್ತು ಐದು ಗಂಟೆಯೊಳಗೆ ಚುನಾವಣಾ ಕಚೇರಿ ಸೇರಬೇಕು. ನಾಳೆ ಕಾಲೇಜಿನಲ್ಲಿ ಪ್ರಾಂಶುಪಾಲರ ಆಯ್ಕೆ, ಪಟ್ಟಿಯಲ್ಲಿ ಅವನ ಹೆಸರೂ ಇದೆ. ಯಾವುದೇ ಪಕ್ಷದ ಪದಾಧಿಕಾರಿ ಆ ಕುರ್ಚಿಯಲ್ಲಿ ಕೂರುವಂತಿಲ್ಲ. ರಾಜೀನಾಮೆ ಕೊಡೋಣವೆಂದರೆ ಅದಕ್ಕೂ ಎಲ್ಲರ ಎಲೆ ಬೇಕು. ಅದೂ ಅವನದೇ ನಿಯಮ.

ಕೋಣೆಯಲ್ಲಿ ಪಕ್ಷದ ಅಧ್ಯಕ್ಷರಾದ ಹಲ್ಲಿನ ಡಾಕ್ಟರು ಆಗಲೇ ಕೂತಿದ್ದರು. ಮಾತ್ರೆಯ ಡಬ್ಬಿಯಲ್ಲಿ ಎಲೆ ತಂದಿದ್ದರು. ಗಾಲಿಕುರ್ಚಿಯಲ್ಲಿ ಮಾವ. ಪಕ್ಷ ಕಟ್ಟಿದವರು, ಅವನಿಗೆ ಮಗಳನ್ನು ಕೊಟ್ಟವರು, ಎರಡು ಗಂಟೆ ನಿಂತು ಭಾಷಣ ಮಾಡುತ್ತಿದ್ದವರು. ಪಾರ್ಶ್ವವಾಯು ಹೊಡೆದ ಮೇಲೆ ಮಾತಿಲ್ಲ. ಎಡಗೈ ಮಾತ್ರ ಆಡುತ್ತದೆ.

"ಲೇಟಾಯ್ತಲ್ರೀ."

"ಟ್ರಾಫಿಕ್ಕು."

"ಇವರಿಗೆ ವಿಷಯ ಗೊತ್ತು ತಾನೇ?"

"ನಮ್ಮನೆಯವಳು ಹೇಳಿದಾಳೆ."

ಹೇಳಿರಲಿಲ್ಲ. ಅಪ್ಪನೆದುರು ಆ ಮಾತೆತ್ತಲು ನನಗೆ ಬಾಯಿ ಬರಲ್ಲ, ನೀವೇ ನೋಡ್ಕೊಳ್ಳಿ ಎಂದಿದ್ದಳು.

ಅವನು ನಿರ್ಣಯ ಓದಿ ತನ್ನ ಎಲೆ ಇಟ್ಟ. ಡಾಕ್ಟರು ತಮ್ಮದನ್ನಿಟ್ಟರು. ಉಳಿದದ್ದನ್ನು ಅವನು ಮಾವನ ತೊಡೆಯ ಮೇಲಿಟ್ಟ.

"ಒಣಗಿದ್ದು ತರ್ಲಿಲ್ವಾ?"

"ಸಿಗ್ಲಿಲ್ಲ."

"ಮತ್ತೆ ಬೇಡ ಅನ್ನೋದಿದ್ರೆ ಅವರು ಹೇಗೆ ಅನ್ಬೇಕು?"

"ಅನ್ನಲ್ಲ ಬಿಡಿ."

ನಾಚಿಕೆಯಾಯಿತು. ನಾಚಿಕೆಯ ನಡುವೆಯೇ ಗಡಿಯಾರ ನೋಡಿದ. ಮೂರೂಮುಕ್ಕಾಲು.

"ಮಾವ, ಇಟ್ಬಿಡಿ. ಇನ್ನು ಸಾಕು. ನನಗೂ ಸಾಕಾಗಿದೆ."

ಮಾವ ಅವನನ್ನೇ ನೋಡಿದರು. ಎಡಗೈ ಸರಿಯಿತು. ತೊಡೆಯ ಮೇಲಿನ ಎಲೆ ನೆಲಕ್ಕೆ ಬಿತ್ತು, ಬೀಳಿಸಿದರೋ, ಜಾರಿತೋ. ಕೈ ಕಿಟಕಿಯ ಬಳಿಯ ಕುಂಡಕ್ಕೆ ಹೋಯಿತು. ಒಂದು ಎಲೆ ಹಿಡಿದು ಎಳೆದರು. ಬರಲಿಲ್ಲ. ಮತ್ತೆ ಎಳೆದರು. ಟಕ್ಕೆಂದು ಕಳಚಿತು. ಅದನ್ನು ಮೇಜಿನ ಮೇಲಿಟ್ಟು, ದೊಡ್ಡ ಕೆಲಸ ಮುಗಿಸಿದವರ ಹಾಗೆ ಕಣ್ಣು ಮುಚ್ಚಿದರು.

ಪ್ಲಾಸ್ಟಿಕ್ಕಿನ ಎಲೆ. ಪ್ಲಾಸ್ಟಿಕ್ ಚೀಲದ ನಿಷೇಧ, ಪಕ್ಷ ಇಪ್ಪತ್ತೆರಡು ವರ್ಷದಲ್ಲಿ ಮಾಡಿಸಿದ ಒಂದೇ ಒಂದು ಕಾನೂನು.

"ಹಸಿರಾಗಿದೆಯಲ್ಲ, ಬರ್ಕೊಳ್ಳಿ," ಎಂದರು ಡಾಕ್ಟರು. "ನಂಗೆ ನಾಲ್ಕೂವರೆಗೆ ಪೇಶಂಟ್ ಬರ್ತಾರೆ."

"ತಿಳಿದೇ ಮಾಡಿದ್ರಾ ಇವರು?"

"ನಿಮ್ಮ ಮಾವ. ನೀವೇ ಹೇಳ್ಬೇಕು."

ಪೆನ್ನು ತೆರೆದ. ವರ್ಷವರ್ಷವೂ ಹುಡುಗರಿಗೆ ಎಲೆ ಗುರುತಿಸಲು ಕಲಿಸಿದವನಿಗೆ ಇದೇನೆಂದು ಹೇಳಲು ಬರಲಿಲ್ಲ. ಮುದುಕ ಒಪ್ಪಿದನೋ, ಅಣಕಿಸಿದನೋ, ಕೈಗೆ ಸಿಕ್ಕಿದ್ದನ್ನು ಕಿತ್ತನೋ. ಇದು ಎಂದೂ ಹಸಿಯಾಗಿರಲಿಲ್ಲ, ಇನ್ನು ಒಣಗುವುದೂ ಇಲ್ಲ. ಕಾಗದದ ಮೇಲೆ ಮಾವನ ಮತದ ಸಾಲು, ಮೂರನೆಯದು, ಖಾಲಿ ಉಳಿಯಿತು.

ಅಷ್ಟರಲ್ಲಿ ನರ್ಸು ಒದ್ದೆ ಬಟ್ಟೆ ಹಿಡಿದು ಬಂದಳು.

"ಅಜ್ಜ ಮತ್ತೆ ಕಿತ್ರಾ? ದಿನಾ ಇದೇ ಆಟ ಇವರ್ದು."

ಮೇಜು ಒರೆಸಿದಳು. ಆಗಲೇ ಬಾಡತೊಡಗಿದ್ದ ಎರಡು ಎಲೆಗಳನ್ನು ಕಸದ ಬುಟ್ಟಿಗೆ ತಳ್ಳಿದಳು, ನೆಲದ ಮೇಲಿನದನ್ನೂ ಹೆಕ್ಕಿ ಹಾಕಿದಳು. ಪ್ಲಾಸ್ಟಿಕ್ಕಿನ ಮೂರನೆಯದನ್ನು ನಲ್ಲಿಯ ಕೆಳಗೆ ತೊಳೆದು, ಒರೆಸಿ, ಕುಂಡದ ಕಡ್ಡಿಗೆ ಒತ್ತಿ ಸಿಕ್ಕಿಸಿ ಹೋದಳು.

ಅವನು ಪೆನ್ನು ಹಿಡಿದೇ ಎದ್ದು ಹೋಗಿ ಕುಂಡದ ಮೇಲೆ ಬಗ್ಗಿದ. ಒಂದೊಂದೇ ಎಲೆ ಮುಟ್ಟಿ ನೋಡಿದ. ಮಾವ ಇಟ್ಟದ್ದು ಯಾವುದೆಂದು ಗೊತ್ತಾಗಲಿಲ್ಲ. ಎಲ್ಲವೂ ಹಸಿರಾಗಿಯೇ ಇದ್ದವು.