ನೀಲಗಂಗಾಳ ಬೆಸುಗೆ

ನಾನು ತವರ ಕರಗಿಸಿ ಬೆಸುಗೆ ಹಾಕುವ ಒಂದು ಸೋಲ್ಡರಿಂಗ್ ಕಡ್ಡಿ. ಮರದ ಹಿಡಿ, ಕಬ್ಬಿಣದ ಕೊಳವೆ, ತುದಿಗೆ ತಾಮ್ರದ ಮೂತಿ. ಒಡಲಲ್ಲಿ ಕೂದಲೆಳೆಯಂಥ ತಂತಿ ಸುತ್ತಿ, ಕರೆಂಟು ಹರಿಸಿ, ಕಾಯುತ್ತೇನೋ ಇಲ್ಲವೋ ಎಂದು ನೋಡಿ ಕಾರ್ಖಾನೆಯವರು ನನ್ನನ್ನು ಹೊರಗೆ ಕಳಿಸಿದರು. ಗದಗಿನಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಈರಬಸಪ್ಪ ಕೊಂಡುಕೊಂಡ.

ಅಂಗಡಿಯ ಹಿಂದೆಯೇ ಮನೆ. ಚಹಾ ತಂದ ಹೆಂಡತಿ ನೀಲಗಂಗಾ ಅಲ್ಲೇ ಕೂತು, ಚಿಕ್ಕ ಚಿಕ್ಕ ಬಿಡಿಭಾಗಗಳನ್ನು ಮೈಮೇಲಿನ ಬಣ್ಣದ ಪಟ್ಟಿ ನೋಡಿ ಬೇರೆ ಬೇರೆ ಡಬ್ಬಿಗೆ ಹಾಕುತ್ತಿದ್ದಳು. ಹದಿನೆಂಟು ವರ್ಷ ಗಂಡನ ಕೈಯನ್ನೇ ನೋಡಿದಳು. ನನ್ನನ್ನು ಒಮ್ಮೆಯೂ ಮುಟ್ಟಲಿಲ್ಲ.

ಆಮೇಲೆ ಆ ಕೈ ನಡುಗತೊಡಗಿತು. ಗಿರಾಕಿಗಳು ಕಡಿಮೆಯಾದರು. ಅಂಥ ಹೊತ್ತಿನಲ್ಲಿ ಹೆಣ್ಣುಮಕ್ಕಳ ಶಾಲೆಯ ಹಂಚಿನಾಳ ಮೇಡಮ್ ಒಂದು ರೇಡಿಯೊ ಕಿಟ್ ತಂದರು.

"ಇದನ್ನ ಜೋಡಿಸಿ ಕೊಡ್ರಿ. ಛಲೋ ಆತಂದ್ರ ಪ್ರತಿ ಶನಿವಾರ ನೀವ ಬಂದು ನಮ್ಮ ಹುಡುಗ್ಯಾರಿಗೆ ಕಲಸ್ರಿ."

ಈರಬಸಪ್ಪ ಎರಡು ದಿನ ಹೆಣಗಿದ. ಬಿಡಿಭಾಗದ ಒಂದು ತಂತಿಕಾಲಿಗೆ ಇಡಬೇಕಾದ ತವರ ಪಕ್ಕದ ಮೂರು ಕಾಲಿಗೆ ಹರಿಯಿತು. ಕಿಟ್ಟಿನ ಬೋರ್ಡನ್ನು ಮೇಜಿನ ಮೇಲೆ ಬಿಸಾಕಿ ಹೊರಗೆ ನಡೆದ.

ನೀಲಗಂಗಾ ಕೈ ಒರೆಸಿಕೊಂಡು ಬಂದು ನನ್ನನ್ನು ಹಿಡಿದಳು. ಹರಡಿದ್ದ ತವರವನ್ನೆಲ್ಲ ಕರಗಿಸಿ ತೆಗೆದಳು. ಒಂದೊಂದು ಕಾಲನ್ನೂ ತೂತಿನಲ್ಲಿ ಕೂರಿಸಿ, ನನ್ನ ಮೂತಿಯಿಂದ ಮೊದಲು ಕಾಲನ್ನು ಕಾಯಿಸಿ, ಆಮೇಲೆ ತವರ ಮುಟ್ಟಿಸಿದಳು. ಅದು ತಾನಾಗಿ ಹರಿದು ಮೂಗುತಿಯ ಹಾಗೆ ಹೊಳೆಯುತ್ತ ಕೂತಿತು. ಅಷ್ಟು ಹದವಾದ ಕೈಯನ್ನು ನಾನು ಕಂಡಿರಲಿಲ್ಲ. ಸಂಜೆಗೆ ರೇಡಿಯೊ ಹಾಡಿತು.

"ಯಾರು ಮಾಡಿದ್ದು?" ಬಾಗಿಲಲ್ಲಿ ನಿಂತು ಈರಬಸಪ್ಪ ಕೇಳಿದ.

"ನೀವ ಮಾಡಿಟ್ಟಿದ್ರಿ. ಒಂಚೂರು ಉಳದಿತ್ತು."

ಅವನು ರೇಡಿಯೊ ಆರಿಸಿ ಒಳಗೆ ಹೋದ. ಶನಿವಾರ ರೇಡಿಯೊವನ್ನೂ ನನ್ನನ್ನೂ ಶಾಲೆಗೆ ಒಯ್ದ. ಮೇಡಮ್ ಬೆಸುಗೆ ನೋಡಿ ಹೊಗಳಿದಾಗ ತನ್ನದೇ ಕೆಲಸವೆಂಬಂತೆ ತಲೆಯಾಡಿಸಿದ. ಆದರೆ ಮಕ್ಕಳೆದುರು ಮಾಡಿ ತೋರಿಸುವಾಗ ಕೈ ಅದುರಿ ತವರ ಮೇಜಿನ ಮೇಲೆ ಬಿತ್ತು. ಹುಡುಗಿಯರು ಕಿಸಕ್ಕನೆ ನಕ್ಕರು.

ಮರುದಿನ ಮೇಡಮ್ ಅಂಗಡಿಗೇ ಬಂದರು. "ಆ ರೇಡಿಯೊದ ಬೆಸುಗಿ ನಿಮ್ಮ ಮನಿಯವರ ಕೆಲಸ ಅನಸ್ತದ. ಹುಡುಗ್ಯಾರಿಗೆ ಕಲಸಾಕ ಅವರನ್ನ ಕಳಸ್ರಲ್ಲ."

"ಆಕಿಗೆ ಕಣ್ಣು ಸರಿಯಾಗಿ ಕಾಣೂದಿಲ್ರಿ, ಮೇಡಮ್."

ಚಹಾದ ಲೋಟ ಹಿಡಿದು ನೀಲಗಂಗಾ ಅಲ್ಲೇ ನಿಂತಿದ್ದಳು. ಲೋಟವನ್ನು ತಡವರಿಸುತ್ತ ಮೇಜಿನ ಮೇಲಿಟ್ಟು, ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಆಮೇಲೂ ಮೇಡಮ್ ಬಂದಾಗಲೆಲ್ಲ ಹಾಗೆಯೇ ನಡೆದಳು. ಗಂಡನ ಸುಳ್ಳನ್ನು ಅವಳೇ ಕಾಯಬೇಕಿತ್ತು. ಅವನು ನನ್ನನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದ. ಅವರಿಬ್ಬರ ನಡುವೆ ಆ ಮಾತು ಮತ್ತೆ ಬರಲೇ ಇಲ್ಲ.

ಅವನು ತೀರಿಕೊಂಡ ಮೇಲೆ ಅವಳು ಬೀಗ ತೆಗೆದಳು. ಅಷ್ಟರಲ್ಲಿ ಮೇಡಮ್‌ಗೆ ಬೇರೆ ಊರಿಗೆ ವರ್ಗವಾಗಿತ್ತು. ವಯಸ್ಸಾಗಿ ಅವಳ ಕಣ್ಣು ನಿಜಕ್ಕೂ ಮಂಜಾಗಿತ್ತು. ಈಗ ಓಣಿಯವರ ಒಡೆದ ಪ್ಲಾಸ್ಟಿಕ್ ಬಕೆಟ್ಟುಗಳನ್ನು ನನ್ನಿಂದ ಕಾಯಿಸಿ ಅಂಟಿಸಿಕೊಡುತ್ತಾಳೆ.

"ಎಷ್ಟು ಛಲೋ ಮಾಡೀರಿ ಅಕ್ಕಾರ, ಎಲ್ಲಿ ಕಲತ್ರಿ?" ಎಂದು ಪಕ್ಕದ ಮನೆಯವಳು ಕೇಳಿದಳು.

"ಎಲ್ಲೂ ಕಲತಿಲ್ಲವಾ" ಎಂದಳು ನೀಲಗಂಗಾ.

ಸುಟ್ಟ ಪ್ಲಾಸ್ಟಿಕ್ ನನ್ನ ಮೂತಿಗೆ ಕರ್ರಗೆ ಮೆತ್ತಿಕೊಂಡಿದೆ. ಒಮ್ಮೆ ಅವಳು ಹಳೆಯ ತವರದ ತುಂಡೊಂದನ್ನು ತಂದು ನನಗೆ ತಾಗಿಸಿ ನೋಡಿದಳು. ಮೆತ್ತಿದ ಕರಿಯ ಮೇಲೆ ಅದು ಹಿಡಿಯಲಿಲ್ಲ. ಗುಂಡಾಗಿ ಉರುಳಿ ನೆಲಕ್ಕೆ ಬಿತ್ತು.